ಸ್ಥಾನಬಲ ಮತ್ತು ನಾಮಬಲ: ಪೈಥಾನ್ ಭಾಷೆಯ ಒಂದು ವ್ಯಾಕರಣವಿಚಾರ

ಪೀಠಿಕೆ

ವಾಕ್ಯದೊಳಗೆ ಯಾವ ಪದವು ಯಾವ ಕಾರ್ಯವನ್ನು ನಿರ್ವಹಿಸುತ್ತಿದೆ ಎಂಬುದನ್ನು ಕೇಳುಗನಿಗೆ ತಿಳಿಸಲು ಲೋಕದ ಭಾಷೆಗಳು ಮುಖ್ಯವಾಗಿ ಎರಡು ಉಪಾಯಗಳನ್ನು ಆಶ್ರಯಿಸಿವೆ. ಮೊದಲನೆಯದು ಸ್ಥಾನ, ಎರಡನೆಯದು ಪ್ರತ್ಯಯ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಮೊದಲು ಬಂದದ್ದು ಕರ್ತೃ, ಅನಂತರ ಬಂದದ್ದು ಕರ್ಮ. ಪದಗಳ ಎಡೆಯನ್ನು ಬದಲಿಸಿದರೆ ಹೊಡೆದವನು ಹೊಡೆಸಿಕೊಂಡವನಾಗುತ್ತಾನೆ. ನಮ್ಮ ನುಡಿಯಲ್ಲಿ ಹಾಗಿಲ್ಲ. “ಗುರುಗಳು ಶಿಷ್ಯನನ್ನು ಕರೆದರು” ಎಂದರೂ “ಶಿಷ್ಯನನ್ನು ಗುರುಗಳು ಕರೆದರು” ಎಂದರೂ ಅರ್ಥವು ಕೆಡುವುದಿಲ್ಲ. ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿಪ್ರತ್ಯಯವು ಶಿಷ್ಯನೊಡನೆಯೇ ನಡೆದುಹೋಗಿ, ಅವನು ಎಲ್ಲಿ ನಿಂತರೂ ಅವನ ಪಾತ್ರವನ್ನು ಸಾರುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದ ನಾಮಪ್ರಕರಣದಲ್ಲಿ ಈ ವಿಭಕ್ತಿಗಳನ್ನು ವಿಚಾರಿಸಿರುವುದು ವಿದ್ಯಾರ್ಥಿಗಳಿಗೆ ತಿಳಿದ ಸಂಗತಿಯೇ.

ಈ ವ್ಯಾಕರಣಪ್ರಶ್ನೆಯು ಮನುಷ್ಯರ ಭಾಷೆಗಳಿಗೆ ಮಾತ್ರ ಸೀಮಿತವಾದುದಲ್ಲ. ಗಣಕಯಂತ್ರಕ್ಕೆ ಆಜ್ಞೆಗಳನ್ನೀಯಲು ವಿದ್ವಾಂಸರು ನಿರ್ಮಿಸಿರುವ ಕೃತಕ ಭಾಷೆಗಳಲ್ಲಿಯೂ ಇದೇ ಪ್ರಶ್ನೆಯು ತಲೆದೋರಿ, ಅಲ್ಲಿಯೂ ಸ್ಥಾನ, ನಾಮ ಎಂಬ ಎರಡು ಪಕ್ಷಗಳು ಹುಟ್ಟಿವೆ. ಅವುಗಳಲ್ಲಿ ಒಂದಾದ ಪೈಥಾನ್ ಭಾಷೆಯನ್ನು ಇಂದು ಅನೇಕ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಕಲಿಯುತ್ತಿದ್ದಾರೆ. ಆ ಭಾಷೆಯು 2008ರಲ್ಲಿ ಅಂಗೀಕರಿಸಿದ ಒಂದು ಚಿಕ್ಕ ನಿಯಮವನ್ನು ವ್ಯಾಕರಣದ ಕಣ್ಣಿನಿಂದ ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಫಂಕ್ಷನ್ ಎಂಬ ಕ್ರಿಯಾಪದ

ಪೈಥಾನ್ ಭಾಷೆಯನ್ನು ರಚಿಸಿದವರು ನೆದರ್ಲೆಂಡಿನ ಗೀಡೊ ವಾನ್ ರಾಸಮ್. ಅದು 1991ರಲ್ಲಿ ಮೊದಲು ಬಳಕೆಗೆ ಬಂದಿತು. ಇತರ ಭಾಷೆಗಳಂತೆ ಅದರಲ್ಲಿಯೂ ಒಂದು ಕೆಲಸವನ್ನು ಒಮ್ಮೆ ವಿವರಿಸಿ, ಅದಕ್ಕೆ ಹೆಸರಿಟ್ಟು, ಬೇಕಾದಾಗಲೆಲ್ಲ ಆ ಹೆಸರಿನಿಂದ ಕರೆಯುವ ವ್ಯವಸ್ಥೆಯಿದೆ. ಅದನ್ನೇ ಫಂಕ್ಷನ್ ಎನ್ನುತ್ತಾರೆ. ಕರೆಯುವಾಗ ಅದಕ್ಕೆ ಒಪ್ಪಿಸುವ ಬೆಲೆಗಳಿಗೆ ಆರ್ಗ್ಯುಮೆಂಟ್ ಎಂದು ಹೆಸರು. ಫಂಕ್ಷನ್ ಕ್ರಿಯಾಪದವಿದ್ದಂತೆ, ಆರ್ಗ್ಯುಮೆಂಟುಗಳು ಅದರ ಕಾರಕಗಳಿದ್ದಂತೆ. ‘ಕೊಡು’ ಎಂಬ ಕ್ರಿಯೆಯು ಕೊಡುವವನನ್ನೂ ಕೊಡುವ ವಸ್ತುವನ್ನೂ ಪಡೆಯುವವನನ್ನೂ ಹೇಗೆ ಅಪೇಕ್ಷಿಸುತ್ತದೆಯೋ, ಹಾಗೆಯೇ ಪ್ರತಿಯೊಂದು ಫಂಕ್ಷನ್ ತನಗೆ ಬೇಕಾದ ಆರ್ಗ್ಯುಮೆಂಟುಗಳನ್ನು ಅಪೇಕ್ಷಿಸುತ್ತದೆ.

ಒಂದು ವಿದ್ಯಾಸಂಸ್ಥೆಯ ಲೆಕ್ಕಪತ್ರಕ್ಕಾಗಿ ‘ಹಣ_ಕಳುಹಿಸು’ ಎಂಬ ಫಂಕ್ಷನ್ ಇದೆಯೆಂದು ಭಾವಿಸೋಣ. ಅದಕ್ಕೆ ಮೊತ್ತ, ಹಣ ಹೊರಡುವ ಖಾತೆ, ಹಣ ಸೇರುವ ಖಾತೆ ಎಂಬ ಮೂರು ಆರ್ಗ್ಯುಮೆಂಟುಗಳು. ವಿದ್ಯಾರ್ಥಿನಿಲಯದ ಖಾತೆಯ ಸಂಖ್ಯೆ 1041, ಗ್ರಂಥಾಲಯದ್ದು 1014. ಸ್ಥಾನವನ್ನೇ ನಂಬಿ ಕರೆದರೆ ಆ ಕರೆಯು ಹೀಗಿರುತ್ತದೆ:

ಹಣ_ಕಳುಹಿಸು(5000, 1041, 1014)

ಹೆಸರನ್ನು ಹೇಳಿ ಕರೆದರೆ ಹೀಗೆ:

ಹಣ_ಕಳುಹಿಸು(5000, ಇಂದ=1041, ಗೆ=1014)

ಪೈಥಾನಿನ ಮೂರನೆಯ ಆವೃತ್ತಿಯಿಂದೀಚೆಗೆ ನಾವು ಇಡುವ ಹೆಸರುಗಳು ಕನ್ನಡ ಲಿಪಿಯಲ್ಲಿಯೂ ಇರಬಹುದು. ಆದುದರಿಂದ ಮೇಲಿನ ಸಾಲುಗಳು ಕೇವಲ ಕಲ್ಪನೆಯಲ್ಲ. ಆದರೆ ಭಾಷೆಯ ಸ್ವಂತ ಪದಗಳನ್ನು ಗಣಕಕ್ಕೆ ರೋಮನ್ ಅಕ್ಷರಗಳಲ್ಲಿಯೇ ಕೊಡಬೇಕು. ಈ ಲೇಖನದಲ್ಲಿ ಅವುಗಳನ್ನೂ ಓದುಗರ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆದಿದೆ.

ಮೊದಲನೆಯ ಬಗೆಯನ್ನು ಸ್ಥಾನಾವಲಂಬಿ ಎಂದೂ ಎರಡನೆಯದನ್ನು ನಾಮಾವಲಂಬಿ ಎಂದೂ ಕರೆಯಬಹುದು. ಎರಡನೆಯ ಸಾಲಿನ ‘ಇಂದ’, ‘ಗೆ’ ಎಂಬ ಹೆಸರುಗಳು ನಮ್ಮ ವಿಭಕ್ತಿಪ್ರತ್ಯಯಗಳ ಕೆಲಸವನ್ನೇ ಮಾಡುತ್ತವೆ. ಗೆ=1014 ಎಂಬುದನ್ನು ಮೊದಲು ಬರೆದು ಇಂದ=1041 ಎಂಬುದನ್ನು ಅನಂತರ ಬರೆದರೂ ಪೈಥಾನ್ ತಪ್ಪದೆ ಗ್ರಹಿಸುತ್ತದೆ.

ಸ್ಥಾನವನ್ನು ನಂಬಿದರೆ ಒದಗುವ ಅಪಾಯ

ಮೇಲಿನ ಮೊದಲನೆಯ ಕರೆಯಲ್ಲಿ ಬರೆಯುವವನು ಎರಡು ಖಾತೆಗಳನ್ನು ಅದಲುಬದಲು ಮಾಡಿದನೆನ್ನೋಣ. ಎರಡೂ ಸಂಖ್ಯೆಗಳೇ, ಎರಡೂ ಖಾತೆಗಳು ನಿಜವಾಗಿ ಇರುವಂಥವೇ. ಗಣಕಯಂತ್ರವು ಯಾವ ಆಕ್ಷೇಪವನ್ನೂ ಎತ್ತದು. ಗ್ರಂಥಾಲಯದ ಹಣವು ಸದ್ದಿಲ್ಲದೆ ವಿದ್ಯಾರ್ಥಿನಿಲಯಕ್ಕೆ ಹೋಗುತ್ತದೆ. ವರ್ಷಾಂತ್ಯದ ಲೆಕ್ಕತಪಾಸಣೆಯವರೆಗೆ ಅದು ಯಾರ ಗಮನಕ್ಕೂ ಬಾರದಿರಬಹುದು. ದೋಷಗಳಲ್ಲಿ ಎರಡು ಜಾತಿ: ಕೂಗುವ ದೋಷ, ಮೌನದ ದೋಷ. ಕೂಗುವ ದೋಷವನ್ನು ತಿದ್ದಬಹುದು. ಮೌನದ ದೋಷವು ಒಳಗೊಳಗೇ ಬೆಳೆದು, ಕಂಡಾಗ ಮೂಲವನ್ನು ಹುಡುಕುವುದೇ ಕಷ್ಟವಾಗುತ್ತದೆ.

ಇದು ಕಲ್ಪಿತ ಭಯವಲ್ಲವೆಂಬುದಕ್ಕೆ ಗಣಕಭಾಷೆಗಳ ಇತಿಹಾಸದಲ್ಲಿಯೇ ನಿದರ್ಶನಗಳುಂಟು. ‘ಸಿ’ ಎಂಬ ಭಾಷೆಯಲ್ಲಿ ಸ್ಮೃತಿಯ ಒಂದು ಭಾಗದಲ್ಲಿರುವುದನ್ನು ಇನ್ನೊಂದು ಭಾಗಕ್ಕೆ ನಕಲಿಸುವ ಮೆಮ್‌ಸಿಪಿವೈ ಎಂಬ ಫಂಕ್ಷನ್ ಇದೆ. ಅದಕ್ಕೆ ಮೊದಲು ತಲುಪಬೇಕಾದ ಎಡೆಯನ್ನು, ಅನಂತರ ಮೂಲವನ್ನು ಹೇಳಬೇಕು. ಬಿಎಸ್‌ಡಿ ಯುನಿಕ್ಸ್ ಪರಂಪರೆಯಿಂದ ಬಂದ ಬಿಕಾಪಿ ಎಂಬ ಫಂಕ್ಷನ್ನಿನ ಕೆಲಸವೂ ನಕಲಿಸುವುದೇ. ಆದರೆ ಅಲ್ಲಿ ಮೊದಲು ಮೂಲ, ಅನಂತರ ತಲುಪುವ ಎಡೆ. ಒಂದೇ ಅರ್ಥದ ಎರಡು ಕ್ರಿಯಾಪದಗಳು ವಿರುದ್ಧವಾದ ಎರಡು ಕ್ರಮಗಳನ್ನು ಅಪೇಕ್ಷಿಸಿದರೆ ನೆನಪಿನ ಮೇಲೆ ಎಷ್ಟು ಭಾರವೆಂಬುದನ್ನು ಊಹಿಸಿಕೊಳ್ಳಬಹುದು. ಅದೇ ಭಾಷೆಯ ಮೆಮ್‌ಸೆಟ್ ಎಂಬ ಫಂಕ್ಷನ್ನಿಗೆ ತುಂಬಬೇಕಾದ ಬೆಲೆಯನ್ನು ಮೊದಲು, ಎಷ್ಟು ಬೈಟುಗಳೆಂಬುದನ್ನು ಅನಂತರ ಹೇಳಬೇಕು. ನೂರು ಬೈಟುಗಳಿಗೆ ಸೊನ್ನೆಯನ್ನು ತುಂಬಲು ಹೊರಟವನು ಇವೆರಡನ್ನು ತಿರುವುಮುರುವಾಗಿ ಬರೆದರೆ, ಸೊನ್ನೆ ಬೈಟುಗಳಿಗೆ ನೂರನ್ನು ತುಂಬೆಂದು ಹೇಳಿದಂತಾಗುತ್ತದೆ. ಫಂಕ್ಷನ್ ಏನನ್ನೂ ಮಾಡದೆ ಸುಮ್ಮನೆ ಮರಳುತ್ತದೆ.

ಪೈಥಾನ್ ಕೂಡ ಇದಕ್ಕೆ ಹೊರತಲ್ಲ. ಕಾಲಾವಧಿಯನ್ನು ಸೂಚಿಸುವ ಟೈಮ್‌ಡೆಲ್ಟಾ ಎಂಬುದಕ್ಕೆ ಆರ್ಗ್ಯುಮೆಂಟುಗಳ ಅನುಕ್ರಮವು ದಿನ, ಸೆಕೆಂಡು, ಮೈಕ್ರೊಸೆಕೆಂಡು, ಮಿಲಿಸೆಕೆಂಡು, ನಿಮಿಷ, ಗಂಟೆ, ವಾರ ಎಂದಿದೆ. ಟೈಮ್‌ಡೆಲ್ಟಾ(2, 30) ಎಂದು ಬರೆದವನ ಮನಸ್ಸಿನಲ್ಲಿ ಎರಡು ಗಂಟೆ ಮೂವತ್ತು ನಿಮಿಷ ಇದ್ದಿರಬಹುದು. ಗಣಕಕ್ಕೆ ಅದು ಎರಡು ದಿನ ಮೂವತ್ತು ಸೆಕೆಂಡು. ಹೆಸರನ್ನು ಹೇಳಿ ಬರೆಯುವ ಸೌಲಭ್ಯವು ಇಲ್ಲಿ ಇದ್ದೇ ಇದೆ. ಆದರೆ ಅದು ಐಚ್ಛಿಕ. ಬರೆಯುವವನು ಬಯಸಿದರೆ ಉಂಟು, ಸೋಮಾರಿಯಾದರೆ ಇಲ್ಲ.

ಒಂದು ನಕ್ಷತ್ರಚಿಹ್ನೆ

ಐಚ್ಛಿಕವಾದುದನ್ನು ಅಗತ್ಯವಿದ್ದೆಡೆ ಕಡ್ಡಾಯಗೊಳಿಸುವ ಅಧಿಕಾರವು ಫಂಕ್ಷನ್ನನ್ನು ರಚಿಸುವವನಿಗೆ ಇರಬೇಡವೇ? ಪೈಥಾನ್ ಸಮುದಾಯದಲ್ಲಿ ಭಾಷಾಸುಧಾರಣೆಯ ಸಲಹೆಗಳಿಗೆ ‘ಪೆಪ್’ ಎಂದು ಹೆಸರು. 2006ರ ಏಪ್ರಿಲಿನಲ್ಲಿ ತಾಲಿನ್ ಎಂಬವರು ಮಂಡಿಸಿದ 3102ನೆಯ ಪೆಪ್ ಈ ಪ್ರಶ್ನೆಯನ್ನೇ ಎತ್ತಿಕೊಂಡಿತು. 2008ರ ಡಿಸೆಂಬರಿನಲ್ಲಿ ಹೊರಬಂದ ಪೈಥಾನ್ 3.0ರಲ್ಲಿ ಅದು ಭಾಷೆಯ ಅಂಗವಾಯಿತು. ಹೀಗೆ ಹೆಸರನ್ನು ಹೇಳಿದಲ್ಲದೆ ಒಪ್ಪಿಸಲಾಗದ ಆರ್ಗ್ಯುಮೆಂಟುಗಳನ್ನು ಅಲ್ಲಿ ‘ಕೀವರ್ಡ್-ಓನ್ಲಿ’ ಎನ್ನುತ್ತಾರೆ. ನಾವು ಅವನ್ನು ನಾಮನಿಯತ ಎಂದು ಕರೆಯೋಣ.

ಅದಕ್ಕೆ ಮುಂಚೆ ಇದ್ದ ತೊಡಕು ಇದು. ಪೈಥಾನಿನಲ್ಲಿ ಒಂದು ಹೆಸರಿನ ಹಿಂದೆ ನಕ್ಷತ್ರಚಿಹ್ನೆಯನ್ನಿಟ್ಟರೆ, ಸ್ಥಾನಕ್ರಮದಲ್ಲಿ ಉಳಿದ ಬೆಲೆಗಳೆಲ್ಲ, ಎಷ್ಟೇ ಇರಲಿ, ಆ ಹೆಸರಿನೊಳಗೆ ಕೂಡಿಕೊಳ್ಳುತ್ತವೆ. ಅಂಥ ನಕ್ಷತ್ರದ ಹೆಸರಾದ ಮೇಲೆ ಇನ್ನೊಂದು ಸಾಮಾನ್ಯ ಹೆಸರನ್ನು ಬರೆಯಲು ಹಳೆಯ ವ್ಯಾಕರಣವು ಅವಕಾಶವನ್ನೇ ಕೊಟ್ಟಿರಲಿಲ್ಲ. ಹೊಸ ನಿಯಮವು ಆ ಎಡೆಯನ್ನು ತೆರೆಯಿತು. ನಕ್ಷತ್ರದ ಬಲಕ್ಕೆ ಬರುವ ಹೆಸರುಗಳಿಗೆ ಸ್ಥಾನದಿಂದ ಏನೂ ತಲುಪಲಾರದು. ಆದುದರಿಂದ ಅವು ಸಹಜವಾಗಿಯೇ ನಾಮನಿಯತಗಳಾದವು. ಮುದ್ರಿಸುವ ಪ್ರಿಂಟ್ ಎಂಬ ಫಂಕ್ಷನ್ನನ್ನೇ ನೋಡಬಹುದು. ಅದು ಎಷ್ಟು ಪದಗಳನ್ನು ಕೊಟ್ಟರೂ ಮುದ್ರಿಸುತ್ತದೆ. ಪದಗಳ ನಡುವೆ ಇಡಬೇಕಾದ ಚಿಹ್ನೆಗೆ ಅಲ್ಲಿ ‘ಸೆಪ್’ ಎಂದು ಹೆಸರು:

ಪ್ರಿಂಟ್("ಅರಸು", "ಆನೆ", ಸೆಪ್="-")

ಇದರಿಂದ ‘ಅರಸು-ಆನೆ’ ಎಂದು ಮೂಡುತ್ತದೆ. ಸೆಪ್ ಎಂಬ ಹೆಸರನ್ನು ಬಿಟ್ಟರೆ ಆ ಅಡ್ಡಗೆರೆಯು ಮುದ್ರಿಸಬೇಕಾದ ಮೂರನೆಯ ಪದವಾಗಿಬಿಡುತ್ತದೆ.

ಎಷ್ಟಾದರೂ ಬೆಲೆಗಳನ್ನು ಸ್ವೀಕರಿಸುವ ಉದ್ದೇಶವಿಲ್ಲದ ಫಂಕ್ಷನ್ನಿನ ಗತಿಯೇನು? ಅಲ್ಲಿ ಹೆಸರಿಲ್ಲದ ಬರಿಯ ನಕ್ಷತ್ರವನ್ನು ಮಾತ್ರ ಬರೆದರೆ ಸಾಕೆಂದು ನಿಯಮವಾಯಿತು:

ಡೆಫ್ ಹಣ_ಕಳುಹಿಸು(ಮೊತ್ತ, *, ಇಂದ, ಗೆ):

ಇಲ್ಲಿ ನಕ್ಷತ್ರವು ಯಾವ ಬೆಲೆಯನ್ನೂ ಸ್ವೀಕರಿಸದು. ಅದು ಗಡಿಕಲ್ಲು. ಅದರ ಎಡಗಡೆಯ ಮೊತ್ತವನ್ನು ಸ್ಥಾನದಿಂದ ಕೊಡಬಹುದು. ಬಲಗಡೆಯ ಇಂದ, ಗೆ ಎಂಬ ಎರಡನ್ನು ಹೆಸರಿನಿಂದಲೇ ಕೊಡಬೇಕು. ಈಗ ಯಾರಾದರೂ ಹಣ_ಕಳುಹಿಸು(5000, 1014, 1041) ಎಂದು ಬರೆದರೆ, ಆ ಸಾಲು ನಡೆಯುವ ಕ್ಷಣದಲ್ಲಿಯೇ ಪೈಥಾನ್ ತಡೆದು, ಸ್ಥಾನದಿಂದ ಒಂದೇ ಬೆಲೆ ಸಲ್ಲುವಲ್ಲಿ ಮೂರನ್ನು ಕೊಟ್ಟಿರುವಿರೆಂದು ಹೇಳುತ್ತದೆ. ‘ಗೆ’ಯನ್ನು ಮರೆತರೆ ಯಾವ ಹೆಸರು ಬಿಟ್ಟುಹೋಗಿದೆಯೆಂದು ಬೆರಳಿಟ್ಟು ತೋರಿಸುತ್ತದೆ. ಮೌನದ ದೋಷವು ಕೂಗುವ ದೋಷವಾಯಿತು; ಹಣವು ಎಲ್ಲಿಗೂ ಹೋಗಲಿಲ್ಲ.

ಇದಕ್ಕೆ ಮುನ್ನಿನ ಭಾಷೆಗಳು

ಈ ಚಿಂತನೆಯು ಪೈಥಾನಿನಲ್ಲಿಯೇ ಮೊದಲು ಮೂಡಿತೆಂದು ಭಾವಿಸಬಾರದು. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ 1970ರ ದಶಕದಲ್ಲಿ ಬೆಳೆದ ಸ್ಮಾಲ್‌ಟಾಕ್ ಭಾಷೆಯಲ್ಲಿ ಆರ್ಗ್ಯುಮೆಂಟಿನ ಹೆಸರು ಕ್ರಿಯೆಯ ಹೆಸರಿನದೇ ಭಾಗ. ಅದನ್ನು ಬಿಟ್ಟು ಕರೆಯುವ ದಾರಿಯೇ ಅಲ್ಲಿಲ್ಲ. 1983ರಲ್ಲಿ ಪ್ರಮಾಣೀಕೃತವಾದ ಏಡಾ ಭಾಷೆಯು ಸ್ಥಾನ, ನಾಮ ಎರಡನ್ನೂ ಒಪ್ಪಿ, ಆಯ್ಕೆಯನ್ನು ಕರೆಯುವವನಿಗೆ ಬಿಟ್ಟಿತು. ಕಾಮನ್ ಲಿಸ್ಪ್ ಭಾಷೆಯಲ್ಲಿ ಹೆಸರಿನಿಂದ ಮಾತ್ರ ಕೊಡಬಹುದಾದ ಆರ್ಗ್ಯುಮೆಂಟುಗಳು ಆರಂಭದಿಂದಲೂ ಇದ್ದವು. 2014ರಲ್ಲಿ ಆಪಲ್ ಸಂಸ್ಥೆಯು ಪ್ರಕಟಿಸಿದ ಸ್ವಿಫ್ಟ್ ಭಾಷೆಯು ಒಂದು ಹೆಜ್ಜೆ ಮುಂದೆ ಹೋಗಿ, ಒಂದೇ ಆರ್ಗ್ಯುಮೆಂಟಿಗೆ ಕರೆಯುವವನು ಬಳಸುವ ಹೊರಹೆಸರನ್ನೂ ಫಂಕ್ಷನ್ನಿನೊಳಗೆ ಬಳಸುವ ಒಳಹೆಸರನ್ನೂ ಬೇರೆ ಬೇರೆಯಾಗಿ ಇಡಲು ಅವಕಾಶ ಕೊಟ್ಟಿತು. ಆದರೂ ಸ್ಮಾಲ್‌ಟಾಕ್, ಸ್ವಿಫ್ಟ್ ಭಾಷೆಗಳಲ್ಲಿ ಹೆಸರುಗಳ ಅನುಕ್ರಮವನ್ನು ಬದಲಿಸುವಂತಿಲ್ಲ. ಕ್ರಮಸ್ವಾತಂತ್ರ್ಯದ ದೃಷ್ಟಿಯಿಂದ ನೋಡಿದರೆ ಪೈಥಾನಿನ ಪದ್ಧತಿಯು ನಮ್ಮ ವಿಭಕ್ತಿವ್ಯವಸ್ಥೆಗೆ ಹೆಚ್ಚು ಸಮೀಪವಾದುದು.

ರಚಿಸುವವನ ಎರಡು ಸ್ವಾತಂತ್ರ್ಯಗಳು

ಓದುಗನಿಗೂ ಕರೆಯುವವನಿಗೂ ಆಗುವ ಉಪಕಾರವನ್ನು ಕಂಡೆವು. ರಚಿಸುವವನಿಗೆ ಆಗುವ ಉಪಕಾರವು ಇದಕ್ಕಿಂತ ಸೂಕ್ಷ್ಮವಾದುದು.

ಫಂಕ್ಷನ್ ಎಂಬುದು ಒಮ್ಮೆ ಲೋಕಕ್ಕೆ ಬಿಟ್ಟಮೇಲೆ ಕೊಟ್ಟ ಮಾತಿದ್ದಂತೆ. ಅದನ್ನು ಸಾವಿರಾರು ಪ್ರೋಗ್ರಾಮುಗಳು ಕರೆಯುತ್ತಿರಬಹುದು. ಸ್ಥಾನದಿಂದ ಮಾತ್ರ ಕರೆಯುವ ಏರ್ಪಾಟಿದ್ದರೆ ರಚನಕಾರನು ಆರ್ಗ್ಯುಮೆಂಟುಗಳ ಹೆಸರುಗಳನ್ನು ಎಂದು ಬೇಕಾದರೂ ಬದಲಿಸಬಹುದು. ಕ್ರಮವನ್ನು ಮಾತ್ರ ಮುಟ್ಟಬಾರದು. ಹೆಸರಿನಿಂದ ಮಾತ್ರ ಕರೆಯುವ ಏರ್ಪಾಟಿದ್ದರೆ ಕ್ರಮವನ್ನು ಬದಲಿಸಬಹುದು, ಹಳೆಯವುಗಳ ನಡುವೆ ಐಚ್ಛಿಕವಾದ ಹೊಸದೊಂದನ್ನು ಸೇರಿಸಬಹುದು. ಹೆಸರನ್ನು ಮಾತ್ರ ಮುಟ್ಟಬಾರದು. ಯಾವ ಚಿಹ್ನೆಯನ್ನೂ ಇಡದೆ ಎರಡೂ ಬಗೆಗಳಿಗೆ ಬಾಗಿಲು ತೆರೆದರೆ ಏನಾಗುತ್ತದೆ? ಕರೆಯುವವರಲ್ಲಿ ಕೆಲವರು ಕ್ರಮವನ್ನು ನಂಬುತ್ತಾರೆ, ಕೆಲವರು ಹೆಸರನ್ನು ನಂಬುತ್ತಾರೆ. ರಚನಕಾರನು ಎರಡಕ್ಕೂ ಕಟ್ಟುಬಿದ್ದು ಎರಡು ಸ್ವಾತಂತ್ರ್ಯಗಳನ್ನೂ ಕಳೆದುಕೊಳ್ಳುತ್ತಾನೆ. ಉದಾರವಾಗಿ ಕಂಡದ್ದು ಪರಿಣಾಮದಲ್ಲಿ ಬಂಧನವಾಗುತ್ತದೆ.

ವಸ್ತುಗಳನ್ನು ಕ್ರಮಪಡಿಸುವ ಸಾರ್ಟ್ ಎಂಬುದರ ಇತಿಹಾಸವು ಇದನ್ನು ಸ್ಪಷ್ಟಪಡಿಸುತ್ತದೆ. ಪೈಥಾನಿನ ಎರಡನೆಯ ಆವೃತ್ತಿಯಲ್ಲಿ ಅದಕ್ಕೆ ಮೂರು ಐಚ್ಛಿಕ ಆರ್ಗ್ಯುಮೆಂಟುಗಳಿದ್ದವು: ಮೊದಲನೆಯದು ಎರಡು ವಸ್ತುಗಳನ್ನು ಹೋಲಿಸುವ ವಿಧಾನ, ಎರಡನೆಯದು ಯಾವ ಗುಣದ ಮೇಲೆ ಜೋಡಿಸಬೇಕೆಂಬ ‘ಕೀ’, ಮೂರನೆಯದು ಅವರೋಹಣಕ್ರಮ ಬೇಕೇ ಎಂಬ ‘ರಿವರ್ಸ್’. ಮೂರನೆಯ ಆವೃತ್ತಿಯಲ್ಲಿ ಮೊದಲನೆಯದನ್ನು ತೆಗೆದುಹಾಕಿದರು. ಉಳಿದೆರಡನ್ನು ಸ್ಥಾನದಿಂದ ಕರೆಯಲು ಬಿಟ್ಟಿದ್ದರೆ, ಎರಡನೆಯದು ಒಂದನೆಯದಾಗಿ, ಮೂರನೆಯದು ಎರಡನೆಯದಾಗಿ, ಹಳೆಯ ಪ್ರೋಗ್ರಾಮುಗಳ ಬೆಲೆಗಳು ತಮಗೆ ಸಲ್ಲದ ಹೆಸರುಗಳಡಿಯಲ್ಲಿ ಹೋಗಿ ಕೂರುತ್ತಿದ್ದವು. ಆದುದರಿಂದ ಆವೃತ್ತಿ 3.0ರಲ್ಲಿಯೇ ‘ಕೀ’ ಮತ್ತು ‘ರಿವರ್ಸ್’ ನಾಮನಿಯತಗಳಾದವು. ಹಳೆಯ ರೀತಿಯ ಕರೆಯು ಒಳಹೊಕ್ಕು ಎಲ್ಲೋ ಎಡವುವ ಬದಲು ಬಾಗಿಲಲ್ಲಿಯೇ ತಡೆಯಲ್ಪಡುತ್ತದೆ.

ಈಗಾಗಲೇ ಬಳಕೆಯಲ್ಲಿರುವ ಫಂಕ್ಷನ್ನನ್ನು ನಾಮನಿಯತಗೊಳಿಸಬೇಕಾದರೆ ಬಳಸುವವರಿಗೆ ಕಾಲಾವಕಾಶವನ್ನು ಕೊಡುವುದು ಸೌಜನ್ಯ. ದತ್ತಾಂಶಗಳಿಂದ ಯಂತ್ರಕ್ಕೆ ಕಲಿಸುವ ಕಾರ್ಯದಲ್ಲಿ ಪ್ರಸಿದ್ಧವಾದ ಸೈಕಿಟ್-ಲರ್ನ್ ಎಂಬ ಸಂಗ್ರಹವು ಈ ಮಾರ್ಗವನ್ನು ಹಿಡಿಯಿತು. 2020ರಲ್ಲಿ ಹೊರಬಂದ 0.23ನೆಯ ಆವೃತ್ತಿಯು ಅನೇಕ ಆರ್ಗ್ಯುಮೆಂಟುಗಳನ್ನು ಸ್ಥಾನದಿಂದ ಕೊಟ್ಟವರಿಗೆ ಎಚ್ಚರಿಕೆಯನ್ನು ಮಾತ್ರ ನೀಡಿತು. 2021ರ 1.0ನೆಯ ಆವೃತ್ತಿಯಲ್ಲಿ ಆ ಎಚ್ಚರಿಕೆಯು ನಿಷೇಧವಾಯಿತು.

ಯಾವುದಕ್ಕೆ ಹೆಸರು ಕಡ್ಡಾಯವಾಗಬೇಕು?

ಹಾಗಾದರೆ ಎಲ್ಲವನ್ನೂ ನಾಮನಿಯತಗೊಳಿಸಿಬಿಡೋಣವೇ ಎಂದರೆ ಅದೂ ಯುಕ್ತವಲ್ಲ. ಇಲ್ಲಿ ಕನ್ನಡದ ನಡೆಯೇ ನಮಗೆ ದಾರಿ ತೋರುತ್ತದೆ. “ಹಸು ಹುಲ್ಲು ತಿಂದಿತು” ಎನ್ನುತ್ತೇವೆ. “ಹುಲ್ಲನ್ನು” ಎಂದು ಪ್ರತ್ಯಯವನ್ನು ಸೇರಿಸದಿದ್ದರೂ ಹುಲ್ಲು ಹಸುವನ್ನು ತಿಂದೀತೆಂದು ಯಾರೂ ಶಂಕಿಸರು. ಆದರೆ “ಹುಲಿ ಕರಡಿ ಕೊಂದಿತು” ಎಂದರೆ ಕೇಳುಗನು ತಡವರಿಸುತ್ತಾನೆ. ಅಲ್ಲಿ “ಹುಲಿಯನ್ನು” ಎಂದೋ “ಕರಡಿಯನ್ನು” ಎಂದೋ ಹೇಳಲೇಬೇಕು. ಗೊಂದಲವಿಲ್ಲದಲ್ಲಿ ಪ್ರತ್ಯಯವು ಲೋಪವಾಗಬಹುದು, ಗೊಂದಲವಿದ್ದಲ್ಲಿ ಕೂಡದು. ಫಂಕ್ಷನ್ನಿನ ರಚನೆಗೂ ಇದೇ ಸೂತ್ರವು ಸಲ್ಲುತ್ತದೆ. ಇದನ್ನು ವಿವರಿಸಿ ಹೇಳುವುದಾದರೆ:

ಒಂದನೆಯದಾಗಿ, ಕ್ರಿಯೆಯ ಮುಖ್ಯ ವಿಷಯವಾದುದು ಸ್ಥಾನದಿಂದ ಬರಲಿ. ಹಣ ಕಳುಹಿಸುವಲ್ಲಿ ಮೊತ್ತ, ಮುದ್ರಿಸುವಲ್ಲಿ ಮುದ್ರಿಸಬೇಕಾದ ಪದ, ಇಂಥವುಗಳಿಗೆ ಹೆಸರನ್ನು ಕೇಳುವುದು ಕೇವಲ ಶ್ರಮ.

ಎರಡನೆಯದಾಗಿ, ಒಂದೇ ಜಾತಿಯ ಎರಡು ಬೆಲೆಗಳು ಬೇರೆ ಬೇರೆ ಪಾತ್ರಗಳನ್ನು ವಹಿಸುವಲ್ಲಿ ಹೆಸರು ಕಡ್ಡಾಯವಾಗಲಿ. ಕೊಡುವ ಖಾತೆ ಮತ್ತು ಪಡೆಯುವ ಖಾತೆ, ಮೂಲ ಮತ್ತು ಗುರಿ, ಉದ್ದ ಮತ್ತು ಅಗಲ ಇವು ಹುಲಿ ಕರಡಿಗಳ ಜಾತಿಗೆ ಸೇರಿದವು.

ಮೂರನೆಯದಾಗಿ, ಹೌದು ಅಥವಾ ಅಲ್ಲ ಎಂಬಷ್ಟನ್ನೇ ತಿಳಿಸುವ ಬೆಲೆಗಳಿಗೆ ಹೆಸರು ಕಡ್ಡಾಯವಾಗಲಿ. ಕರೆಯ ಸಾಲಿನಲ್ಲಿ ಬರಿಯ ‘ಟ್ರೂ’ ಎಂಬುದನ್ನು ಕಂಡ ಓದುಗನಿಗೆ ಯಾವುದು ಸತ್ಯವೆಂದು ಹೇಗೆ ತಿಳಿಯಬೇಕು? ರಿವರ್ಸ್=ಟ್ರೂ ಎಂದಾಗ ಅರ್ಥವು ತಾನಾಗಿ ಹೊಳೆಯುತ್ತದೆ.

ನಾಲ್ಕನೆಯದಾಗಿ, ಅಪರೂಪಕ್ಕೆ ಬಳಕೆಯಾಗುವ ಐಚ್ಛಿಕಗಳೆಲ್ಲ ನಕ್ಷತ್ರದ ಬಲಗಡೆ ಇರಲಿ. ಪೈಥಾನಿನ ಜೇಸನ್ ವಿಭಾಗದಲ್ಲಿ ದತ್ತಾಂಶವನ್ನು ಪಠ್ಯರೂಪಕ್ಕೆ ತರುವ ಡಂಪ್ಸ್ ಎಂಬ ಫಂಕ್ಷನ್ನಿನ ಐಚ್ಛಿಕ ಆರ್ಗ್ಯುಮೆಂಟುಗಳೆಲ್ಲ 2016ರ 3.6ನೆಯ ಆವೃತ್ತಿಯಿಂದ ಹೀಗೆಯೇ ನಾಮನಿಯತಗಳಾದವು.

ಐದನೆಯದಾಗಿ, ಹೆಸರಿಗೆ ವಿಶೇಷಾರ್ಥವೇ ಇಲ್ಲದೆಡೆ ಅದನ್ನು ಬೇಡವೆನ್ನುವ ಅಧಿಕಾರವೂ ಇರಬೇಕು. ಒಂದು ಸಂಖ್ಯೆಯ ವರ್ಗಮೂಲವನ್ನು ಕೇಳುವಾಗ ಆ ಸಂಖ್ಯೆಗೆ ಹೆಸರೇಕೆ? 2019ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.8ರಲ್ಲಿ 570ನೆಯ ಪೆಪ್ ಮೂಲಕ ಓರೆಗೆರೆಯೊಂದು ಈ ಕಾರ್ಯಕ್ಕೆ ನಿಯುಕ್ತವಾಯಿತು. ಓರೆಗೆರೆಯ ಎಡಕ್ಕಿರುವವು ಸ್ಥಾನನಿಯತ, ನಕ್ಷತ್ರದ ಬಲಕ್ಕಿರುವವು ನಾಮನಿಯತ, ನಡುವಿನವು ಉಭಯಸಮ್ಮತ.

ಕಡ್ಡಾಯವಾದ ಹೆಸರು ಒಳ್ಳೆಯ ಹೆಸರಾಗಿರಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಇಲ್ಲಿಯೂ ನಮ್ಮ ವ್ಯಾಕರಣದ ಅನುಭವವು ಉಪಯುಕ್ತ. ‘ಇಂದ’ ಎಂಬುದು ತೃತೀಯಾ ವಿಭಕ್ತಿಯ ಪ್ರತ್ಯಯ. ಪಂಚಮಿಗೆ ‘ದೆಸೆಯಿಂದ’ ಎಂದು ವ್ಯಾಕರಣವು ಬೇರ್ಪಡಿಸಿದರೂ ಬಳಕೆಯಲ್ಲಿ ‘ಇಂದ’ವೇ ಎರಡನ್ನೂ ಹೊತ್ತಿದೆ. “ಕೊಡಲಿಯಿಂದ ಕಡಿದನು” ಎಂಬಲ್ಲಿ ಅದು ಸಾಧನವನ್ನು, “ಮರದಿಂದ ಬಿದ್ದನು” ಎಂಬಲ್ಲಿ ಅಗಲಿಕೆಯನ್ನು ಹೇಳುತ್ತದೆ. ಹಣ_ಕಳುಹಿಸು ಎಂಬುದಕ್ಕೆ ಮುಂದೆ ‘ಯಾರಿಂದ ಕಳುಹಿಸಲಾಯಿತು’ ಎಂಬ ಮತ್ತೊಂದು ಆರ್ಗ್ಯುಮೆಂಟ್ ಸೇರಿದರೆ ‘ಇಂದ’ ಎಂಬ ಚಿಕ್ಕ ಹೆಸರು ಗೊಂದಲಕ್ಕೆ ಎಡೆಮಾಡೀತು. ಕೊಡುವ_ಖಾತೆ, ಪಡೆಯುವ_ಖಾತೆ ಎಂಬ ಹೆಸರುಗಳು ಉದ್ದವಾದರೂ ನಿಸ್ಸಂದಿಗ್ಧ. ಹೆಸರನ್ನು ಒಮ್ಮೆ ಕಡ್ಡಾಯಗೊಳಿಸಿದಮೇಲೆ ಅದನ್ನು ಬದಲಿಸುವ ಸ್ವಾತಂತ್ರ್ಯವು ಹೋಗುತ್ತದೆಯಾದುದರಿಂದ ಈ ವಿವೇಚನೆಯು ಮೊದಲೇ ನಡೆಯಬೇಕು.

ಉಪಸಂಹಾರ

ಹೆಸರನ್ನು ಪ್ರತಿಸಲ ಬರೆಯುವುದು ಹೊರೆಯೆಂದು ಆಕ್ಷೇಪಿಸುವವರುಂಟು. ಹೊರೆಯೆಂಬುದು ನಿಜ. ಆದರೆ ಅದನ್ನು ಬರೆಯುವವನು ಒಮ್ಮೆ ಹೊರುತ್ತಾನೆ. ಬರೆಯದಿದ್ದರೆ ಓದುವವರೆಲ್ಲರೂ ಓದಿದಾಗಲೆಲ್ಲ ಹೊರಬೇಕಾಗುತ್ತದೆ. ಪ್ರೋಗ್ರಾಮನ್ನು ಬರೆದವನೇ ಆರು ತಿಂಗಳ ಬಳಿಕ ಅದಕ್ಕೆ ಹೊಸ ಓದುಗನಾಗಿ ಬರುತ್ತಾನೆಂಬುದನ್ನೂ ನೆನಪಿಡಬೇಕು. ರಚನಕಾರನು ಇಡುವ ಒಂದು ನಕ್ಷತ್ರಚಿಹ್ನೆಯು ಮುಂದೆ ಬರುವ ಅಪರಿಚಿತ ಓದುಗನಿಗೆ ತೋರುವ ಕಾಳಜಿ.

ವಿಭಕ್ತಿಪಾಠವನ್ನು ಪರೀಕ್ಷೆಗಾಗಿ ಮಾತ್ರ ಕಂಠಪಾಠ ಮಾಡುವ ವಿದ್ಯಾರ್ಥಿಮಿತ್ರರು ಈ ಅಂಶವನ್ನು ಮನಗಾಣಲಿ. ಯಾರು, ಯಾರನ್ನು, ಯಾವುದರಿಂದ, ಯಾರಿಗೆ ಎಂಬ ಪ್ರಶ್ನೆಗಳು ಗಣಕಯುಗದಲ್ಲಿ ಅಳಿದಿಲ್ಲ. ಹೊಸ ಭಾಷೆಗಳನ್ನು ಕಟ್ಟುವವರು ಇಂದಿಗೂ ಅವುಗಳಿಗೇ ಉತ್ತರವನ್ನು ಹುಡುಕುತ್ತಿದ್ದಾರೆ.

ಅಭ್ಯಾಸಕ್ಕೆ ಕೆಲವು ಪ್ರಶ್ನೆಗಳು

1. ‘ಪುಸ್ತಕ_ಕೊಡು’ ಎಂಬ ಗ್ರಂಥಾಲಯದ ಫಂಕ್ಷನ್ನಿಗೆ ಪುಸ್ತಕದ ಸಂಖ್ಯೆ, ವಿದ್ಯಾರ್ಥಿಯ ಸಂಖ್ಯೆ, ಎಷ್ಟು ದಿನ ಎಂಬ ಮೂರು ಆರ್ಗ್ಯುಮೆಂಟುಗಳು. ಮೂರೂ ಸಂಖ್ಯೆಗಳೇ. ನಕ್ಷತ್ರವನ್ನು ಎಲ್ಲಿಡುವಿರಿ? ಕಾರಣವೇನು?

2. ಎರಡು ಸಂಖ್ಯೆಗಳಲ್ಲಿ ದೊಡ್ಡದನ್ನು ಹೇಳುವ ಫಂಕ್ಷನ್ನಿಗೆ ಹೆಸರು ಕಡ್ಡಾಯವಾಗಬೇಕೇ? ಒಂದರಿಂದ ಇನ್ನೊಂದನ್ನು ಕಳೆಯುವ ಫಂಕ್ಷನ್ನಿಗೆ? ಇವೆರಡರ ಭೇದವನ್ನು ವಿವರಿಸಿರಿ.

3. ದ್ವಿತೀಯಾ ಪ್ರತ್ಯಯವು ಲೋಪವಾದರೂ ಅರ್ಥಕೆಡದ ಐದು ವಾಕ್ಯಗಳನ್ನೂ, ಲೋಪವಾದರೆ ಅರ್ಥಕೆಡುವ ಐದು ವಾಕ್ಯಗಳನ್ನೂ ನಿಮ್ಮ ಮನೆಮಾತಿನಿಂದ ಆರಿಸಿ ಬರೆಯಿರಿ.